ಎಣ್ಣೆ ಕೇಳದ ದೀಪ

ಅರವತ್ನಾಲ್ಕನೆಯ ವಯಸ್ಸಿನಲ್ಲಿ ನಾನು ಎರಡನೇ ಸಲ ಮೈನೆರೆದೆ. ಆ ದಿನ ಬೆಂಗಾವಾನ್ ನದಿ ಒಂದು ಗಳಿಗೆ ಹರಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿ ನೋಡಿತು. ಸೋಲೊ ಪಟ್ಟಣದ ಅಷ್ಟೂ ಹುಂಜಗಳು ನಡುಮಧ್ಯಾಹ್ನ ಕೂಗಿದವು. ನನ್ನ ತಲೆಯ ಹದಿನೇಳು ಬಿಳಿಕೂದಲು ಬುಡದಿಂದ ಕಪ್ಪಾದವು. ಎಣಿಸಿದವಳು ನಾನೇ, ಆದ್ದರಿಂದ ಲೆಕ್ಕ ತಪ್ಪಿರುವ ಸಂಭವವಿಲ್ಲ. ನಂಬದವರು ನಮ್ಮ ಬಾಟಿಕ್ ಕೇರಿಗೆ ಬಂದು ಯು ತುಮಿನಾ ಯಾರು ಎಂದು ಕೇಳಲಿ. ಅಕ್ಕ ಎನ್ನುವ ಆ ‘ಯು’ ನನ್ನ ಹೆಸರಿಗೆ ಎಷ್ಟು ಗಟ್ಟಿಯಾಗಿ ಅಂಟಿದೆಯೆಂದರೆ ನನಗಿಂತ ಹತ್ತು ವರ್ಷ ಹಿರಿಯ ಮುದುಕರೂ ಹಾಗೆಯೇ ಕರೆಯುತ್ತಾರೆ. ಬೆನ್ನಿಗೆ ಬಿದಿರಬುಟ್ಟಿ ಕಟ್ಟಿಕೊಂಡು, ಬುಟ್ಟಿಯಲ್ಲಿ ಎಂಟು ಸೀಸೆ ಜಮು, ಎಂದರೆ ಬೇರು-ಸೊಪ್ಪು ಕುಟ್ಟಿ ಮಾಡಿದ ಮದ್ದಿನ ಪಾನಕ, ಹೊತ್ತು ನಲವತ್ತು ವರ್ಷದಿಂದ ಈ ಕೇರಿ ತಿರುಗಿದ್ದೇನೆ. ನನ್ನ ಅರಿಸಿನ-ಹುಣಸೆಯ ಜಮು ಕುಡಿದು ಮುಟ್ಟು ಸರಿಹೋಗದ ಹುಡುಗಿಯಿಲ್ಲ, ಕಚ್ಚೂರದ ಜಮು ಕುಡಿದು ಎದ್ದು ಕೂರದ ಬಾಣಂತಿಯಿಲ್ಲ, ವೀಳ್ಯದೆಲೆಯ ಜಮುವಿಗೆ ಹೆದರದ ಬಿಳಿಸೆರಗಿಲ್ಲ. ಹೀಗಿರುವಾಗ ಆ ಜಮುವೇ ತನ್ನ ಒಡತಿಗೆ ಯೌವನ ವಾಪಸು ತಂದುಕೊಟ್ಟರೆ ಅದರಲ್ಲಿ ಆಶ್ಚರ್ಯವೇನು?

ಇವತ್ತು ಬುಧವಾರ. ಬುಟ್ಟಿಯಲ್ಲಿ ಎಂಟರ ಬದಲು ಏಳು ಸೀಸೆಗಳಿದ್ದವು. ಎಂಟನೆಯ ಸೀಸೆಯ ಜಾಗದಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಆಸ್ಪತ್ರೆಯ ಚೀಟಿ ಇತ್ತು. ಹತ್ತು ಗಂಟೆಗೆ ನದಿಯಾಚೆ ಹೋಗಿ ವರದಿ ತರಬೇಕು. ಅಲ್ಲಿಯವರೆಗೆ ನಡೆಯುವ ಪ್ರತಿ ಹೆಜ್ಜೆಗೂ ಸೀಸೆಗಳು ಒಂದಕ್ಕೊಂದು ತಾಗಿ, ಯಾರೋ ಹಿಂದಿನಿಂದ ಹಲ್ಲು ಕಡಿಯುತ್ತ ಬಂದಂತೆ ಸದ್ದಾಗುತ್ತಿತ್ತು. ಮೊದಲ ಮನೆ ಎಂದಿನಂತೆ ವಿನಾರ್ಸಿಯದು. ಅವಳು ಜಗಲಿಯಲ್ಲಿ ಮೇಣದ ಒಲೆಯ ಮುಂದೆ ಕೂತು, ಬಟ್ಟೆಯ ಮೇಲೆ ಬಿಸಿಮೇಣದ ಗೆರೆ ಎಳೆಯುತ್ತಿದ್ದಳು. ನಲವತ್ತು ವರ್ಷ ಅವಳು ಅದೇ ಮಣೆಯ ಮೇಲೆ ಕೂತಿದ್ದಾಳೆ, ನಾನು ಅದೇ ಕಂಬಕ್ಕೆ ಒರಗಿದ್ದೇನೆ. ನಾನು ಹೇಳುವುದು, ಅವಳು ಹ್ಞೂಂಗುಟ್ಟುವುದು. ಇವತ್ತು ಅವಳ ಮುಖ ನನ್ನ ಅರಿಸಿನದ ಸೀಸೆಯ ತಳದಂತೆ ಮಂಕಾಗಿತ್ತು. ನೋಡಿದೆ. ನೋಡಿಯೂ ಮೇಣದ ಹೊಗೆ ಅಂದುಕೊಂಡೆ.

“ನಿನ್ನ ಬಾಗಿಲ ದೀಪಕ್ಕೆ ಎಷ್ಟು ದಿನ ಆಯ್ತು ಯು?”

“ಮೂವತ್ತೊಂದು. ಇನ್ನು ನಾಲ್ಕು ದಿನ. ಒಂದು ತೊಟ್ಟು ಎಣ್ಣೆ ಹಾಕಿಲ್ಲ ಕಣೇ, ತಾನಾಗೇ ಉರೀತಿದೆ. ನಿನ್ನೆ ಯಾರೋ ಸುರಬಾಯದಿಂದ ನೋಡೋಕೆ ಬಂದಿದ್ರು.”

“ಹೌದಾ? ನಾನು ಅವರನ್ನ ನೋಡ್ಲೇ ಇಲ್ವಲ್ಲ.”

“ನೀನು ಮೇಣದಲ್ಲಿ ಮುಳುಗಿರ್ತೀಯ. ಆನೆ ಬಂದ್ರೂ ನಿಂಗೆ ಕಾಣಲ್ಲ.”

ಅವಳು ನಕ್ಕಳು, ಆದರೆ ನಗು ಅರ್ಧಕ್ಕೆ ನಿಂತಿತು. ವೀಳ್ಯದೆಲೆಯ ಜಮು ಎರಡು ಲೋಟ ಕೇಳಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಮೇಣದ ಬಾಣಲೆಯನ್ನು ನೋಡುತ್ತಲೇ ಕೇಳಿದಳು: “ಮುಟ್ಟು ನಿಲ್ಲದೇ ಇದ್ರೇ ಒಳ್ಳೇದಲ್ವಾ ಯು? ನಿಂತ್ರೆ ಮತ್ತೆ ಮುದುಕೀರಾಗ್ತೀವಾ?”

“ನಿಲ್ಲೋದಾ? ನನ್ನ ಜಮು ಕುಡಿದ ಮೇಲೆ ನಿಲ್ಲುತ್ತಾ!” ಅಂದೆ. ಬುಟ್ಟಿಯನ್ನು ಬೆನ್ನಿಗೇರಿಸಿ ನಾಲ್ಕು ಮನೆ ದಾಟಿದ ಮೇಲೆ, ಅವಳು ‘ಆಗ್ತೀಯಾ’ ಅನ್ನಲಿಲ್ಲ, ‘ಆಗ್ತೀವಾ’ ಅಂದಳು ಎಂಬುದು ಕಿವಿಯಲ್ಲಿ ಉಳಿಯಿತು. ಇರಲಿ, ಮಾತಿನ ಭರಾಟೆ ಎಂದು ಕೊಡವಿಕೊಂಡೆ.

ನಾಲ್ಕು ತಿಂಗಳ ಹಿಂದೆ, ಆ ಮೊದಲ ದಿನ, ಅರಿಸಿನ ಕುಟ್ಟುತ್ತಿದ್ದೆ. ಸೀರೆಯಂತೆ ಸುತ್ತುವ ನನ್ನ ಹಳೆಯ ಬಾಟಿಕ್ ಬಟ್ಟೆಯ ಮೇಲೆ ಕೆಂಪು ಕಲೆ ಕಂಡಾಗ, ಅರಿಸಿನದ ಮೇಲೆ ಸುಣ್ಣದ ನೀರು ಬಿದ್ದಿರಬೇಕು ಎಂದೇ ತಿಳಿದೆ. ಅರಿಸಿನ ಸುಣ್ಣ ಕೂಡಿದರೆ ರಕ್ತದ ಬಣ್ಣ ಬರುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ಬಟ್ಟೆ ತೊಳೆದೆ, ಬೇರೆ ಉಟ್ಟೆ. ಮತ್ತೆ ಕಲೆ. ಹಿತ್ತಲಲ್ಲಿ ಸುಣ್ಣವೂ ಇರಲಿಲ್ಲ, ಅರಿಸಿನದ ಕೈಯನ್ನೂ ತೊಳೆದಾಗಿತ್ತು. ಹದಿನಾಲ್ಕು ವರ್ಷದ ಹಿಂದೆ ಬಾಗಿಲು ಹಾಕಿಕೊಂಡು ಹೋದದ್ದು ಹೇಳದೆ ಕೇಳದೆ ಒಳಗೆ ಬಂದು ಕೂತಿತ್ತು. ಮನೆಯೊಳಗೆ ನಾನೊಬ್ಬಳೇ ಇದ್ದರೂ ಯಾರೋ ನನ್ನ ಕಡೆ ಬೆನ್ನು ಮಾಡಿ ನಿಂತಂತೆ ಅನಿಸಿತು. ಗಂಡ ಸತ್ತು ಒಂಬತ್ತು ವರ್ಷ. ಅವನಾದರೆ ಎದುರಿಗೇ ಬಂದು ನಿಲ್ಲುವ ಗಂಡಸು. ಇದು ಅವನಲ್ಲ. ಆ ಮಧ್ಯಾಹ್ನ ಒರಳಿನ ಮುಂದೆ ಕೂತು ನಾನು ಬೆವೆತದ್ದನ್ನು ಯಾರೂ ನೋಡಿಲ್ಲ. ನೋಡಿದ್ದರೆ ಆಮೇಲಿನದೆಲ್ಲ ನಡೆಯುತ್ತಿರಲಿಲ್ಲ. ಏಕೆಂದರೆ ಸಂಜೆ ವಿನಾರ್ಸಿಯ ಜಗಲಿಗೆ ಹೋದಾಗ ಅಲ್ಲಿ ಐದಾರು ಹೆಂಗಸರಿದ್ದರು, ಒಬ್ಬಳು “ಯಾಕೆ ಯು, ಮುಖ ಸಪ್ಪಗಿದೆ, ನಿನ್ನ ಜಮು ನಿನಗೇ ಹಿಡಿಸಲಿಲ್ವಾ?” ಎಂದಳು, ಎಲ್ಲರೂ ನಕ್ಕರು. ಮಕ್ಕಳಿಲ್ಲದವಳು ಬಾಣಂತಿಯರ ಜಮು ಮಾರುತ್ತಾಳೆ ಎಂದು ನಲವತ್ತು ವರ್ಷ ಬೆನ್ನ ಹಿಂದೆ ನಕ್ಕ ನಗು ಅದು. ಬುಟ್ಟಿಯ ಭಾರಕ್ಕಿಂತ ಅದರ ಭಾರ ನನ್ನ ಬೆನ್ನಿಗೆ ಚೆನ್ನಾಗಿ ಗೊತ್ತು. ಬಾಯಿ ತಾನಾಗಿ ತೆರೆದುಕೊಂಡಿತು. “ಹಿಡಿಸದೆ ಏನು? ಇವತ್ತು ಮಧ್ಯಾಹ್ನ ಮತ್ತೆ ದೊಡ್ಡವಳಾದೆ!” ನದಿ ನಿಂತದ್ದು, ಹುಂಜ ಕೂಗಿದ್ದು ಎಲ್ಲ ಅಲ್ಲೇ ಹುಟ್ಟಿದವು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ವಿನಾರ್ಸಿ ಒಬ್ಬಳೇ ನಗಲಿಲ್ಲ; ಗೆರೆ ಎಳೆಯುವ ಲೇಖನಿಯಿಂದ ಮೇಣ ತೊಟ್ಟಿಕ್ಕಿ, ಅವಳು ಬಟ್ಟೆಯ ಮೇಲೆ ಬರೆಯುತ್ತಿದ್ದ ಹೂವಿನ ನಡುವೆ ದೊಡ್ಡ ಬೊಟ್ಟಾಯಿತು. ಮರುದಿನದಿಂದ ನನ್ನ ಸೀಸೆಗಳು ಕೇರಿಯ ಅರ್ಧದಲ್ಲೇ ಖಾಲಿಯಾದವು.

ಮೂರು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಬಚ್ಚಲಲ್ಲಿ, ಒಂದು ತುಂಡು ಹೊರಬಿತ್ತು. ಹೆಬ್ಬೆರಳಷ್ಟು, ನುಣ್ಣಗೆ, ಹಲಸಿನ ತೊಳೆಯ ಬಣ್ಣ. ಅದಕ್ಕೆ ಕಣ್ಣಿತ್ತು, ಬಾಯಿತ್ತು ಎಂದು ಕೇರಿಯವರಿಗೆ ಹೇಳಬಹುದಿತ್ತು, ಹೇಳಲಿಲ್ಲ. ಅದು ನನ್ನನ್ನು ನೋಡುತ್ತಿದೆ ಎಂದು ನಿಜವಾಗಿ ಅನಿಸಿದ್ದರಿಂದ ಆ ಸುಳ್ಳು ಬಾಯಿಗೆ ಬರಲಿಲ್ಲ. ಕೈಗಳಿಗೆ ಮಾತ್ರ ಏನು ಮಾಡಬೇಕೆಂದು ಗೊತ್ತಿತ್ತು. ಹುಣಸೆಹಣ್ಣು ಉಪ್ಪು ಹಚ್ಚಿ ತೊಳೆದೆ, ಬಿಳಿಬಟ್ಟೆಯಲ್ಲಿ ಸುತ್ತಿದೆ, ಹೊಸ ಮಡಕೆಯಲ್ಲಿಟ್ಟೆ, ಬಾಗಿಲ ಎಡಗಡೆ ಹೂತು, ಮೇಲೆ ಎಣ್ಣೆಯ ದೀಪವಿಟ್ಟು, ಬಿದಿರಬುಟ್ಟಿ ಬೋರಲು ಹಾಕಿದೆ. ಮಗುವಿನ ಜೊತೆ ಹುಟ್ಟುವ ತಮ್ಮನೋ ತಂಗಿಯೋ ಎಂದು ನಾವು ನಂಬುವ ಮಾಸನ್ನು ಹೀಗೆಯೇ ಹೂಳುವುದು: ಗಂಡಾದರೆ ಬಲಗಡೆ, ಹೆಣ್ಣಾದರೆ ಎಡಗಡೆ, ಮೂವತ್ತೈದು ದಿನ ದೀಪ ಆರಕೂಡದು. ಇದಕ್ಕೆ ಎಡಗಡೆಯೇ ಏಕೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ನಲವತ್ತು ವರ್ಷದ ಹಿಂದೆ ಅದೇ ಎಡಗಡೆಯಲ್ಲಿ ಒಂದು ಮಡಕೆ ಹೂತಿದ್ದರು. ನನ್ನ ಮಗಳು ಏಳು ದಿನ ಇದ್ದಳು. ಏಳನೆಯ ಬೆಳಿಗ್ಗೆ ದೀಪ ಆರಿತ್ತು. ಅತ್ತೆ ಆ ಬತ್ತಿಯನ್ನು ಬೆರಳಿಂದ ಮುಟ್ಟಿ, ಬೆರಳನ್ನು ನನಗೆ ತೋರಿಸಿ ಒಳಗೆ ಹೋದಳು. ಗಾಳಿ ಎಂದೆ ನಾನು. ಊರು ನಡುಗಿಸುವಂಥ ಗಾಳಿ, ತೆಂಗಿನಮರಗಳು ಮಲಗಿ ಎದ್ದಂಥ ಗಾಳಿ ಎಂದೆ. ದಕ್ಷಿಣ ಸಮುದ್ರದ ರಾಣಿಯೇ ತನ್ನ ಮುಡಿಗೆ ಹೂ ಮುಡಿಸಲು ನನ್ನ ಮಗಳನ್ನು ಕರೆಸಿಕೊಂಡಳು ಎಂದೆ. ಬಹುಶಃ ನಾನು ಮೊದಲು ಕೊಚ್ಚಿಕೊಂಡದ್ದು ಅದೇ.

ಬಾಗಿಲಲ್ಲಿ ದೀಪ ಕಂಡ ಕೇರಿಯವರು “ಯಾರಿಗೆ ಮಗು, ಯು?” ಎಂದು ಕೇಳಿದರು. “ನನ್ನ ಹಳೇ ಗರ್ಭಕೋಶ ಹಾವಿನ ಹಾಗೆ ಪೊರೆ ಬಿಡ್ತು” ಎಂದೆ. ಆ ಹೊತ್ತಿಗೆ ಮಾತು ನನ್ನ ಕೈಯಲ್ಲಿರಲಿಲ್ಲ. ಹೊಟ್ಟೆಯಲ್ಲಿ ಮಾತ್ರ ಭಾರ ಹಾಗೇ ಇತ್ತು. ನಡೆದರೆ ಒಳಗೆ ಏನೋ ನಿಧಾನವಾಗಿ ಮಗ್ಗುಲು ಬದಲಿಸುತ್ತಿತ್ತು.

ಗುರುತಿನವರು ಯಾರೂ ಸಿಗಬಾರದೆಂದು ನದಿಯಾಚೆಯ ಆಸ್ಪತ್ರೆಗೆ ಹೋದೆ. ಡಾಕ್ಟರ್ ಅರುಮ್ ನನ್ನ ಮಗಳಿದ್ದರೆ ಅವಳಿಗಿಂತ ಚಿಕ್ಕವಳು. ವಯಸ್ಸೆಷ್ಟು ಎಂದು ಕೇಳಿದಳು.

“ನಲವತ್ತೆಂಟು.”

ಅವಳು ನನ್ನ ಗುರುತಿನ ಚೀಟಿ ನೋಡಿದಳು, ನನ್ನನ್ನು ನೋಡಿದಳು. “ಹಾಗಾದ್ರೆ ಈ ಚೀಟಿ ನಿಮ್ಮ ಅಮ್ಮಂದಾ, ಬು?”

ಅಮ್ಮ ಎಂದು ಗೌರವದಿಂದ ಕರೆಯುವ ಆ ‘ಬು’ ಕೇಳಿ ಪಕ್ಕದ ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಕಾಲ ಮೇಲೆ ಕಾಲು ಹಾಕಿ ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

“ಬು, ನಿಮಗೆ ನಲವತ್ತೆಂಟಾದ್ರೆ ನಾನು ಯೋಚನೆ ಮಾಡೋದೇ ಬೇರೆ. ಅರವತ್ನಾಲ್ಕಾದ್ರೆ ಬೇರೆ. ನಿಂತ ಮೇಲೆ ಒಂದು ಹನಿ ಕಂಡ್ರೂ ನಾವು ಹುಡುಕ್ಲೇಬೇಕು. ನಿಂತು ಎಷ್ಟು ವರ್ಷ ಆಯ್ತು?”

“ಹದಿನಾಲ್ಕು,” ಎಂದೆ ಕ್ಯಾಲೆಂಡರಿಗೆ.

ಕತ್ತಲು ಮಾಡಿದ ಕೋಣೆಯಲ್ಲಿ ಒಳಗಿನಿಂದ ನೋಡುವ ಸ್ಕ್ಯಾನ್ ಮಾಡಿದಳು. ಪರದೆಯ ಮೇಲೆ ಬೂದಿಯ ಬಣ್ಣದ ಹೊಗೆ, ಹೊಗೆಯ ನಡುವೆ ಮೊಟ್ಟೆಯಾಕಾರದ ಬಿಳಿ ನೆರಳು. ಅವಳು ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಚುಕ್ಕೆಗೆರೆ ಎಳೆದು ಅಳೆದಳು. ಬಸುರಿಯರಿಗೆ ಹೀಗೆಯೇ ಅಳೆಯುವುದನ್ನು ನಾನು ಕೇಳಿದ್ದೆ. “ಎಷ್ಟು ತಿಂಗಳು?” ಎಂದು ಕೇಳಿಬಿಟ್ಟೆ. ತಮಾಷೆಗೆಂದೇ ಕೇಳಿದ್ದು, ಆದರೆ ಕತ್ತಲಲ್ಲಿ ಅದು ತಮಾಷೆಯಾಗಿ ಕೇಳಿಸಲಿಲ್ಲ. ಅವಳು ನನ್ನ ಮೊಣಕಾಲ ಮೇಲೆ ಕೈಯಿಟ್ಟು, “ಮಗು ಅಲ್ಲ ಬು. ಪಾಲಿಪ್ ಅಂತಾರೆ. ಗರ್ಭಕೋಶದ ಒಳಪದರವೇ ಬೆಳೆದು, ತೊಟ್ಟು ಹಿಡಿದು, ಹಣ್ಣಿನ ಹಾಗೆ ಜೋತುಬಿದ್ದಿರುತ್ತೆ. ನಿಮ್ಮದು ಐದೂವರೆ ಸೆಂಟಿಮೀಟರ್, ದೊಡ್ಡದು. ತೆಗೀಬೇಕು. ಕೆಟ್ಟದ್ದೋ ಅಲ್ವೋ ಅಂತ ತೆಗೆದು ನೋಡಿದ ಮೇಲೇ ಗೊತ್ತಾಗೋದು,” ಎಂದಳು. “ತುಂಡು ಏನಾದ್ರೂ ತಾನಾಗೇ ಬಿದ್ದಿತ್ತಾ?”

“ಇಲ್ಲ,” ಎಂದೆ.

ಐದೂವರೆ. ವಾಪಸು ಬರುವಾಗ ಸೈಕಲ್ ರಿಕ್ಷಾದಲ್ಲಿ ಕೂತು ಬೆರಳುಗಳ ನಡುವೆ ಅಷ್ಟು ಅಂತರ ಹಿಡಿದು ನೋಡಿದೆ. ಯಾರಿಗಾದರೂ ಹೇಳುವಾಗ ತೆಂಗಿನಕಾಯಿಯಷ್ಟು ಎನ್ನಬೇಕೆಂದು ಅಭ್ಯಾಸಬಲದಿಂದ ಯೋಚಿಸಿದೆ. ಹೇಳಲು ಯಾರೂ ಇರಲಿಲ್ಲ. ಹೇಳಿದರೆ ಯೌವನ ಎಲ್ಲಿ ಹೋಯಿತು ಎಂದು ಕೇಳುತ್ತಾರೆ.

ಆಪರೇಷನ್ನಿನ ದಿನ ಹೊಸ ಮಡಕೆ, ಬಿಳಿಬಟ್ಟೆ, ಹುಣಸೆಹಣ್ಣು, ಉಪ್ಪು ಎಲ್ಲ ಗಂಟು ಕಟ್ಟಿಕೊಂಡು ಹೋದೆ. ಹೆರಿಗೆಯಾದರೆ ಆಸ್ಪತ್ರೆಯವರು ಮಾಸನ್ನು ಮನೆಯವರ ಕೈಗೆ ಕೊಡುವುದಿಲ್ಲವೇ? ನರ್ಸ್ ಗಂಟು ಬಿಚ್ಚಿ ನೋಡಿ, “ಬು ಡಾಕ್ಟರ್, ಇವರು ಅಡುಗೆ ಸಾಮಾನು ತಂದಿದಾರೆ!” ಎಂದು ಕೂಗಿದಳು. ಕಾಯುತ್ತಿದ್ದ ಬಸುರಿಯರೆಲ್ಲ ಕತ್ತು ತಿರುಗಿಸಿದರು. ಅರುಮ್ ಮಾತ್ರ ನಗಲಿಲ್ಲ. ಮಡಕೆಯನ್ನು ಎತ್ತಿ ಬೆಂಚಿನ ಕೆಳಗಿಟ್ಟು ಮೆಲ್ಲಗೆ ಹೇಳಿದಳು: “ಇದನ್ನ ಹೂಳೋ ಹಾಗಿಲ್ಲ ಬು. ಲ್ಯಾಬಿಗೆ ಕಳಿಸ್ಬೇಕು. ಮಣ್ಣಿಗೆ ಹಾಕಿದ್ರೆ ಅದು ನಮಗೆ ಏನೂ ಹೇಳಲ್ಲ.”

ಸೊಂಟಕ್ಕೆ ಸೂಜಿ ಕೊಟ್ಟ ಮೇಲೆ ನನ್ನ ಕೆಳಗಿನ ಅರ್ಧ ಬೇರೆ ಯಾರದೋ ಆಯಿತು. ಹಸಿರು ಬಟ್ಟೆ ಹೊದಿಸಿದ್ದರು. ದಕ್ಷಿಣದ ಸಮುದ್ರದ ಹತ್ತಿರ ಹಸಿರು ಉಟ್ಟವರನ್ನು ರಾಣಿ ಎಳೆದುಕೊಳ್ಳುತ್ತಾಳೆ ಎಂದು ನನ್ನ ತಾಯಿ ನನಗೆ ಜೀವಮಾನದಲ್ಲಿ ಹಸಿರು ಉಡಿಸಲಿಲ್ಲ. ಸಮುದ್ರ ಅಲ್ಲಿಂದ ಎಷ್ಟೋ ದೂರ, ಆದರೂ ಬೇರೆ ಬಣ್ಣ ಕೇಳಬೇಕೆನಿಸಿತು. ಕೇಳಲಿಲ್ಲ. ಸಣ್ಣ ಕೊಳವೆ, ಅದರ ತುದಿಗೆ ಕಣ್ಣು. ಒಳಗೆ ನೀರು ತುಂಬಿಸಿ ನೋಡುತ್ತಾರಂತೆ. “ನೋಡ್ತೀರಾ ಬು?” ಎಂದು ಅರುಮ್ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನೀರಿನೊಳಗಿನ ಗುಹೆ. ನಸುಗೆಂಪು ಗೋಡೆಗಳು, ಅವುಗಳ ಮೇಲೆ ಬೇರಿನಂಥ ರಕ್ತನಾಳ. ಗುಹೆಯ ತುಂಬ ಅದು, ಮೇಲಿನಿಂದ ಜೋತುಬಿದ್ದು, ನೀರು ಬಂದಾಗ ಒಂದು ಕಡೆ ವಾಲಿ, ನೀರು ಹೋದಾಗ ಇನ್ನೊಂದು ಕಡೆ ವಾಲಿ, ತೊಟ್ಟಿಲಲ್ಲಿ ಹೊರಳಿದಂತೆ. ಇಲ್ಲಿ ಏಳು ದಿನ ಬದುಕಿದವಳೊಬ್ಬಳು ಒಂಬತ್ತು ತಿಂಗಳು ಇದ್ದಳು. ಅವಳು ಖಾಲಿ ಮಾಡಿದ ಮನೆಯಲ್ಲಿ ಇದು ಬಂದು ಇಷ್ಟು ವರ್ಷ ಒಂಟಿಯಾಗಿ ತೂಗಿಕೊಳ್ಳುತ್ತಿತ್ತು. ಬಿಸಿತಂತಿಯ ಕೊಕ್ಕೆ ಅದರ ಮೈಯನ್ನು ಚೂರು ಚೂರಾಗಿ ಕೆತ್ತುತ್ತ, ಕೊನೆಗೆ ತೊಟ್ಟಿನ ಬುಡಕ್ಕೆ ಬಂದಾಗ, ಉಳಿದ ತುಣುಕು ಒಮ್ಮೆ ನನ್ನ ಕಡೆ ತಿರುಗಿ ನಿಂತಿತು. ನೀರಿನ ಸೆಳೆತ ಎಂದಳು ಅರುಮ್. ಆಮೇಲೆ ಗುಹೆ ಬರಿದಾಯಿತು. ಯಾರೂ ಇಲ್ಲದ ಗುಹೆಯೊಳಗೆ ಬೆಳಕು ಸುಮ್ಮನೆ ಸುತ್ತಾಡಿತು. ಅದನ್ನು ನೋಡುವುದು ಇನ್ನೂ ಕಷ್ಟವಾಗಿತ್ತು.

ಕೇರಿಯವರಿಗೆ ವೊನೊಗಿರಿಯಲ್ಲಿ ಮದುವೆ ಎಂದು ಹೇಳಿದ್ದೆ. ಮೂರನೆಯ ದಿನ ಮನೆಗೆ ಬಂದಾಗ ಗೇಟಿನಲ್ಲೇ ಕಾಲು ನಿಂತವು. ದೀಪ ಉರಿಯುತ್ತಿತ್ತು. ನಾನು ಹೋಗುವಾಗ ಅದರಲ್ಲಿದ್ದ ಎಣ್ಣೆ ಒಂದು ದಿನಕ್ಕೂ ಸಾಲುವಂತಿರಲಿಲ್ಲ. ಬುಟ್ಟಿಯ ಕಿಂಡಿಗಳಿಂದ ಹಳದಿ ಬೆಳಕು ನೆಲದ ಮೇಲೆ ಜರಡಿಯಂತೆ ಬಿದ್ದಿತ್ತು. ಅಂದಿನಿಂದ ನಾನು ಆ ಬುಟ್ಟಿ ಮುಟ್ಟಲಿಲ್ಲ. ಎಣ್ಣೆ ಕೇಳದ ದೀಪ ಎಂದು ಕೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಮನೆಗೆ ಬಂದರೆ ಅದರ ಕಡೆ ಬೆನ್ನು ಮಾಡಿ ಒಳಗೆ ಹೋಗಿ ಬೋಲ್ಟು ಹಾಕಿಕೊಂಡೆ. ತೆಗೆದದ್ದನ್ನು ಸೀಸೆಯಲ್ಲಿ ಹಾಕಿ ಎಲ್ಲಿಗೋ ಕಳಿಸಿದ್ದಾರೆ, ಮಣ್ಣಲ್ಲಿರುವ ತುಂಡು ಅದನ್ನು ಕಾಯುತ್ತಿದೆ ಎಂದು ಅನಿಸುತ್ತಿತ್ತು.

ಇವತ್ತು ಹತ್ತು ಗಂಟೆಗೆ ಅರುಮ್ ವರದಿಯ ಕಾಗದ ಬಿಚ್ಚಿದಳು. ಅವಳು ಓದುವಷ್ಟು ಹೊತ್ತು ನಾನು ಅವಳ ಹುಬ್ಬುಗಳನ್ನೇ ನೋಡಿದೆ.

“ಕೆಟ್ಟದ್ದೇನೂ ಇಲ್ಲ ಬು. ಬರೀ ಪಾಲಿಪ್. ಆದ್ರೆ ಮತ್ತೆ ಒಂದು ಹನಿ ಕಂಡ್ರೂ ಬರ್ಬೇಕು. ನಿಮ್ಮ ಅದೃಷ್ಟ. ಹೀಗೇ ಬಂದೋರಲ್ಲಿ ಕೆಲವರಿಗೆ ಕ್ಯಾನ್ಸರ್ ಇರುತ್ತೆ. ಬೇಗ ಬಂದ್ರೆ ಉಳೀತಾರೆ. ನಿಮ್ಮ ಕಡೆ ಇನ್ಯಾರಿಗಾದ್ರೂ ಹೀಗಾಗ್ತಿದ್ರೆ ಕಳಿಸಿ.”

“ನಮ್ಮ ಕೇರೀಲಾ? ಇಡೀ ಕೇರೀಲಿ ನಾನೊಬ್ಬಳೇ,” ಎಂದೆ. ಅದರಲ್ಲೂ ಒಂದಿಷ್ಟು ಜಂಬವಿತ್ತು.

ಊರು ಸುತ್ತಿ, ಸಂಜೆಯ ಬೆಳಕಿರುವಾಗಲೇ ಮನೆಗೆ ಬಂದೆ. ವರದಿ ಎದೆಯ ಹತ್ತಿರ ಇದ್ದುದರಿಂದ ಧೈರ್ಯ ಬಂದಿತ್ತು. ದೀಪದ ಮುಂದೆ ಕುಕ್ಕರುಗಾಲಲ್ಲಿ ಕೂತು ಬುಟ್ಟಿ ಎತ್ತಿದೆ. ದೀಪದ ಬಟ್ಟಲು ಅಂಚಿನವರೆಗೆ ತುಂಬಿತ್ತು. ಅದರ ಪಕ್ಕದಲ್ಲಿ, ನಾನು ಹೂತ ಜಾಗದ ಪಕ್ಕದಲ್ಲಿ, ಮಣ್ಣು ಹೊಸದಾಗಿ ಉಬ್ಬಿತ್ತು. ಕೆದಕಿದರೆ ಇನ್ನೊಂದು ಮಡಕೆಯ ಕಂಠ ಬೆರಳಿಗೆ ತಾಗಿತು. ನಾನು ಒಂದೇ ಹೂತಿದ್ದೆ. ಮಣ್ಣೊಳಗೆ ಅದು ಮರಿ ಹಾಕಿದೆ ಎಂದೇ ನನಗೆ ಆ ಕ್ಷಣ ಅನಿಸಿದ್ದು. ಕೂಗಲು ಬಾಯಿ ತೆರೆದೆ.

“ಮುಟ್ಬೇಡ ಯು,” ಎಂದಿತು ಹಿಂದಿನಿಂದ ಒಂದು ದನಿ. ವಿನಾರ್ಸಿ. ಕೈಯಲ್ಲಿ ಎಣ್ಣೆಯ ಗಿಂಡಿ ಹಿಡಿದು ಗೋಡೆಗೆ ಆತು ನಿಂತಿದ್ದಳು. “ಅದು ನಂದು.”

“ಎಣ್ಣೆ ನೀನು ಹಾಕ್ತಿದ್ಯಾ?”

“ಮತ್ತೆ? ದೀಪ ತಾನಾಗೇ ಉರಿಯುತ್ತಾ?” ಅವಳು ನನ್ನ ಪಕ್ಕ ಕೂತಳು, ಕೂರುವುದಕ್ಕೇ ಉಸಿರು ಹಿಡಿಯಬೇಕಾಯಿತು. “ನೀನು ಮದ್ವೆಗೆ ಹೋದ ದಿನ ನನಗೂ ಒಂದು ತುಂಡು ಬಿತ್ತು. ಎಲ್ಲಿ ಇಡೋದು? ನಿಂದರ ಪಕ್ಕಾನೇ ಇಟ್ಟೆ.”

“ನಿನಗೆ ಯಾವಾಗಿಂದ?”

“ನಿನಗಿಂತ ಮುಂಚೆ. ನೀನು ನಮ್ಮ ಜಗಲೀಲಿ ನದಿ ನಿಂತ ಕಥೆ ಹೇಳಿದ್ಯಲ್ಲ, ಅವತ್ತಿಗೆ ನನಗೆ ಶುರುವಾಗಿ ಹತ್ತು ದಿನ. ಯಾರಿಗೂ ಹೇಳಿರ್ಲಿಲ್ಲ. ಸಾಯ್ತೀನಿ ಅಂತ ಬಟ್ಟೆಪೆಟ್ಟಿಗೆ ಎಲ್ಲಾ ಸರಿಮಾಡಿಟ್ಟಿದ್ದೆ. ನೀನು ಬಂದು ಇದು ಪ್ರಾಯ ಅಂದೆ. ಅವತ್ತು ಚೆನ್ನಾಗಿ ನಿದ್ದೆ ಬಂತು.”

ನಾಲ್ಕು ತಿಂಗಳು. ದಿನಕ್ಕೆ ಎರಡು ಲೋಟ, ನನ್ನ ಕೈಯಿಂದಲೇ. ಆ ಮುಖದ ಹಳದಿಯನ್ನು ದಿನವೂ ನೋಡಿ, ಮೇಣದ ಹೊಗೆ ಅಂದುಕೊಂಡಿದ್ದೆ. ಈ ಕ್ಷಣಕ್ಕೂ ಬಾಯಲ್ಲಿ ಏನೋ ಹುಟ್ಟುತ್ತಿತ್ತು, ಇನ್ನೂ ದೊಡ್ಡ, ಇನ್ನೂ ಚಂದದ ಏನೋ. ಅದನ್ನು ನುಂಗಿ, ಎದೆಯಿಂದ ವರದಿ ತೆಗೆದು ಅವಳ ಮಡಿಲಲ್ಲಿಟ್ಟೆ.

“ಮದ್ವೆ ಇರ್ಲಿಲ್ಲ ವಿನಾರ್ಸಿ. ಆಸ್ಪತ್ರೇಲಿದ್ದೆ. ಅದು ಪ್ರಾಯ ಅಲ್ಲ, ಒಳಗೆ ಬೆಳೆದಿದ್ದ ಗಡ್ಡೆ. ನಂದು ಕೆಟ್ಟದ್ದಲ್ವಂತೆ. ನಿಂದು ಏನು ಅಂತ ನನಗೆ ಗೊತ್ತಿಲ್ಲ. ನದಿ ನಿಂತಿರ್ಲಿಲ್ಲ. ಯಾವ ಹುಂಜಾನೂ ಕೂಗಿರ್ಲಿಲ್ಲ. ನಿಮ್ಮೆಲ್ಲರ ನಗು ತಡೀಲಾರ್ದೆ ಹೇಳ್ಬಿಟ್ಟೆ. ಹೆದರಿಕೊಂಡಿದ್ದೆ.”

ಅವಳು ಕಾಗದವನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ, “ನೀನು ಸುಳ್ಳು ಹೇಳ್ತೀಯ ಅಂತ ನಲವತ್ತು ವರ್ಷದಿಂದ ಗೊತ್ತು ಯು,” ಎಂದಳು. “ಇದೊಂದು ನಿಜ ಆಗಿರ್ಲಿ ಅಂತ ಎಣ್ಣೆ ಹಾಕ್ತಿದ್ದೆ.”

“ನಾಳೆ ಬೆಳಿಗ್ಗೆ ನದಿಯಾಚೆ ಹೋಗೋಣ. ಜಮು ಬುಟ್ಟಿ ಮನೇಲಿರ್ಲಿ. ನಿನ್ನ ವಯಸ್ಸು ಸರಿಯಾಗಿ ಹೇಳು. ತುಂಡು ಬಿದ್ದದ್ದೂ ಹೇಳು. ಯಾರ ಮಾತು ಕೇಳಿ ಸುಮ್ನಿದ್ದೆ ಅಂದ್ರೆ ನನ್ನ ಹೆಸರೇ ಹೇಳು.”

“ನೋವಾಗುತ್ತಾ?”

ಒಂದಿಷ್ಟೂ ಇಲ್ಲ, ನಾನು ಮೇಜಿನ ಮೇಲೆ ಮಲಗಿಕೊಂಡೇ ಹಾಡು ಹೇಳಿದೆ, ಡಾಕ್ಟರರು ತಾಳ ಹಾಕಿದರು ಎಂದು ಬಾಯಿಗೆ ಬಂದಿತ್ತು.

“ಆಮೇಲೆ ಎರಡು ದಿನ ನೋವಿತ್ತು,” ಎಂದೆ. “ಪರದೆ ನೋಡು ಅಂದ್ರೆ ನೋಡ್ಬೇಡ.”

ಅವಳು ತಲೆಯಾಡಿಸಿದಳು. ದೀಪದ ಬತ್ತಿ ಒಮ್ಮೆ ಸಿಡುಕಿತು. ಅದನ್ನು ನೋಡುತ್ತ, ಯಾರೂ ಕೇಳದಿದ್ದರೂ ನಾನು ಹೇಳಿದೆ: “ನನ್ನ ಮಗಳ ದೀಪ ಗಾಳಿಗೆ ಆರಿದ್ದಲ್ಲ ಕಣೇ. ಅವತ್ತು ಗಾಳೀನೇ ಇರ್ಲಿಲ್ಲ. ಏಳು ದಿನ ನಿದ್ದೆಯಿಲ್ದೆ ಮಲಗಿಬಿಟ್ಟಿದ್ದೆ. ಎಣ್ಣೆ ಮುಗಿದಿತ್ತು.”

ವಿನಾರ್ಸಿ ಗಿಂಡಿಯನ್ನು ನೆಲದ ಮೇಲಿಟ್ಟು ಅದರ ಬಾಯಿಗೆ ಎಲೆ ಮುಚ್ಚಿದಳು. ದೀಪದ ಮೇಲೆ ಮತ್ತೆ ಬೋರಲು ಹಾಕಬೇಕಾದ ಬುಟ್ಟಿ ನನ್ನ ಮಡಿಲಲ್ಲೇ ಉಳಿಯಿತು.